ನೀರಗಂಟಿಯ ನೆರಳು

ನಮ್ಮ ಊರಿನ ಅಧ್ಯಕ್ಷರಿಗೆ ಅಧಿಕಾರ ಎನ್ನುವುದು ಏನೂ ಇಲ್ಲ. ರಸ್ತೆ, ಬೀದಿದೀಪ, ತೆರಿಗೆ, ಚರಂಡಿ ಎಲ್ಲವನ್ನೂ ಪಂಚಾಯಿತಿಯವರು ನೋಡಿಕೊಳ್ಳುತ್ತಾರೆ, ಅಥವಾ ನೋಡಿಕೊಳ್ಳುವುದಿಲ್ಲ. ಅಧ್ಯಕ್ಷರಿಗೆ ಇರುವುದು ಒಂದು ಬಿಳಿ ರುಮಾಲು, ಚಾವಡಿಯ ಹಿಂದೆ ಎರಡು ಕೋಣೆಯ ಮನೆ, ಸಾಯುವವರೆಗೆ ಗೌರವ. ಕೆಲಸ ಒಂದೇ. ಊರಲ್ಲಿ ಯಾರಾದರೂ ಸತ್ತರೆ ಮಣ್ಣಾದ ಮರುದಿನ ಆ ಮನೆಗೆ ಹೋಗಬೇಕು. ಹೊಸ್ತಿಲ ಮೇಲೆ ನಿಂತು, ಗೋಡೆಯಲ್ಲಿ ಉಳಿದಿರುವ ನೆರಳಿಗೆ ಅದರ ಹೆಸರು ಹೇಳಿ, ಸತ್ತದ್ದು ಹೇಗೆ ಎಂದು ಹೇಳಿ, ‘ಹೋಗಿ ಬಾ’ ಅನ್ನಬೇಕು. ನೆರಳು ಹೋಗುತ್ತದೆ. ಹೇಳಿದ ಕಾರಣ ಸುಳ್ಳಾಗಿದ್ದರೆ ಹೋಗುವುದಿಲ್ಲ.

ಹೆಚ್ಚಿನ ಸಾವುಗಳಲ್ಲಿ ಇದರಿಂದ ತೊಂದರೆಯಿಲ್ಲ. ಮುಪ್ಪು, ಜ್ವರ, ಹಾವು, ಹೆರಿಗೆ. ಎಲ್ಲರಿಗೂ ಗೊತ್ತಿರುವ ಕಾರಣಗಳು. ಅಗಸಿ ಓಣಿಯ ಒಬ್ಬ ಸೊಸೆಗೆ ಮಾತ್ರ ‘ಬಾವಿಗೆ ಕಾಲು ಜಾರಿ ಸತ್ತಿ’ ಎಂದಾಗ ಅವಳ ನೆರಳು ಹಾಗೇ ನಿಂತಿತ್ತು. ಅಧ್ಯಕ್ಷರು ಇನ್ನೊಂದು ಕಾರಣಕ್ಕೆ ಬಾಯಿ ತೆರೆಯುವ ಮೊದಲೇ ಅವಳ ಗಂಡ ಹಿತ್ತಿಲ ಬಾಗಿಲಿನಿಂದ ಓಡಿಹೋದ. ಇನ್ನೂ ಬಂದಿಲ್ಲ.

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ನಮ್ಮಪ್ಪನ ನೆರಳಿತ್ತು. ನಾನು ಹುಟ್ಟುವ ಮೊದಲಿನಿಂದ ಇತ್ತು. ತಲೆಗೆ ವಲ್ಲಿ ಸುತ್ತಿಕೊಂಡು, ಊಟಕ್ಕೆ ಕೂತಂತೆ ಕಾಲು ಮಡಚಿ, ಒಲೆಯ ಕಡೆ ಮುಖ ಮಾಡಿ ಕೂತಿತ್ತು. ನಾನು ಅಪ್ಪನನ್ನು ನೋಡಿದ್ದೇ ಹಾಗೆ. ಅವನ ಮೂಗು ನನಗೆ ಗೊತ್ತು, ಕಣ್ಣು ಗೊತ್ತಿಲ್ಲ. ಪ್ರತಿ ಯುಗಾದಿಗೆ ಅವ್ವ ಸುಣ್ಣ ಹಚ್ಚುತ್ತಿದ್ದಳು. ಸುಣ್ಣ ಒಣಗುವಷ್ಟರಲ್ಲಿ ನೆರಳು ಅದರ ಮೇಲೆ ಬಂದು ಕೂತಿರುತ್ತಿತ್ತು. ಅವ್ವ ಅದರ ಜೊತೆ ಮಾತಾಡುತ್ತಿದ್ದಳು. ಪ್ರೀತಿಯ ಮಾತೇನಲ್ಲ, ಹೆಚ್ಚಾಗಿ ಬೈಗುಳ. “ಎಣ್ಣಿ ಮುಗದೈತಿ. ನೀ ಸುಮ್ಮನ ಕುಂತಿ. ನಿನಗೇನ್ ಗೊತ್ತಾಕ್ಕೈತಿ?” ಎಂದು ರೊಟ್ಟಿ ತಟ್ಟುತ್ತಿದ್ದಳು. ನನಗಂತೂ ಅದು ಹೋದರೆ ಸಾಕಿತ್ತು. ನೆರಳು ಹೋಗದ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ. ನನ್ನನ್ನು ನೋಡಲು ಬಂದವರು ಅವಲಕ್ಕಿ ತಿಂದು, ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಇಣುಕಿ, ಆಮೇಲೆ ಹೇಳಿಕಳಿಸುತ್ತೇವೆ ಎಂದು ಹೋಗುತ್ತಿದ್ದರು.

ಅಪ್ಪ ಸತ್ತ ಕಾಲದಲ್ಲಿ ಕೆರೆಯ ನೀರು ಮೇಲಿನ ಪೇಟೆಗೆ ಮಾತ್ರ ಹರಿಯುತ್ತಿತ್ತು. ಕೆಳಗಿನ ಪೇಟೆಯ ನಾವು ಅವರ ಬಚ್ಚಲ ನೀರು ಸೋಸಿ ಕುಡಿದ ಬೇಸಿಗೆಗಳಿದ್ದವಂತೆ. ಕಲ್ಲಿನ ಗಣಿಯಲ್ಲಿ ಬಂಡೆಗೆ ಮದ್ದಿಟ್ಟು ದುಡಿಯುವ ಹುಡುಗರು ನೀರಿಗಾಗಿ ಸಂಘ ಕಟ್ಟಿದರು. ಅವರ ಮುಂದಾಳು ಫಕೀರಪ್ಪ. ನಮ್ಮಪ್ಪ ಬಸವಣ್ಣೆಪ್ಪ ಕೆಳಗಿನ ಪೇಟೆಯವನೇ, ಆದರೆ ಕೆರೆಯ ನೀರಗಂಟಿ. ತೂಬಿನ ಬೀಗದ ಕೈ ಅವನ ಉಡಿದಾರದಲ್ಲಿತ್ತು, ಸಂಬಳ ಮೇಲಿನವರದು. ಒಂದು ನಸುಕಿನಲ್ಲಿ ತೂಬು ಸಿಡಿದು ಕೆರೆ ಕೆಳಕ್ಕೆ ನುಗ್ಗಿತು. ಅಪ್ಪನ ಹೆಣ ಯಾರದೋ ಗದ್ದೆಯಲ್ಲಿ ಸಿಕ್ಕಿತು. ಪೊಲೀಸರು ಬಂದರು, ಹೋದರು. ತೂಬನ್ನು ಮತ್ತೆ ಕಟ್ಟುವಾಗ ಮೇಲಿನವರು ಹೆದರಿ ಕೆಳಗಿನ ಪೇಟೆಗೂ ಕಾಲುವೆ ಬಿಡಿಸಿದರು. ಇವತ್ತು ನಮ್ಮ ಮನೆಯ ನಳದಲ್ಲಿ ಬರುವುದು ಅದೇ ನೀರು.

ಆಗಿನ ಅಧ್ಯಕ್ಷ ವಿರೂಪಾಕ್ಷಪ್ಪನವರು ನಮ್ಮ ಹೊಸ್ತಿಲಲ್ಲಿ ನಿಂತು ‘ನೀರಿನಲ್ಲಿ ಕೊಚ್ಚಿ ಸತ್ತಿ’ ಎಂದರು. ನೆರಳು ಕದಲಲಿಲ್ಲ. ‘ಮದ್ದು ಸಿಡಿದು ಸತ್ತಿ’ ಎಂದರು. ಇಲ್ಲ. ‘ಯಾರೋ ಕೊಂದರು’ ಎಂದಾಗ ಅಂಚು ಸ್ವಲ್ಪ ನಡುಗಿತಂತೆ. ಅಷ್ಟೇ. ಅವ್ವ ಬಸುರಿ, ಒಲೆಯ ಪಕ್ಕ ಕೂತಿದ್ದಳು. “ಫಕೀರಪ್ಪನ ಹೆಸರು ಹೇಳಿ ನೋಡ್ರಿ” ಅಂದಳಂತೆ. “ಕಣ್ಣಾರೆ ಕಾಣದ ಒಬ್ಬನ ಹೆಸರು ಹೆಂಗ ಹೇಳ್ಲೆವ್ವಾ?” ಎಂದು ಅವರು ರುಮಾಲು ಸರಿಮಾಡಿಕೊಂಡು ಹೋದರು. ಫಕೀರಪ್ಪ ಆಗಲೇ ಒಂದು ಮಾತು ಕಲಿತಿದ್ದ: ಆ ಹೊತ್ತಿಗೆ ನಾನು ಸಂಘ ಬಿಟ್ಟಿದ್ದೆ. ಮುಂದೆ ಅವನು ಲಾರಿ ಇಟ್ಟ, ಶಾಲೆಗೆ ಜಾಗ ಕೊಟ್ಟ, ಮೇಲಿನ ಪೇಟೆಯವರ ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ಉಂಡ. ಆ ಒಂದು ಮಾತನ್ನು ಮಾತ್ರ ಬದಲಿಸಲಿಲ್ಲ.

ಹೋದ ವರ್ಷ ವಿರೂಪಾಕ್ಷಪ್ಪನವರೂ ತೀರಿಕೊಂಡರು. ಅವರನ್ನು ಕಳಿಸುವವರಿಲ್ಲದೆ ಅವರ ನೆರಳೂ ಚಾವಡಿಯ ಹಿಂದಿನ ಮನೆಯಲ್ಲಿ ಕೂತಿತು. ಆಮೇಲೆ ಸತ್ತವರೆಲ್ಲ ತಮ್ಮತಮ್ಮ ಮನೆಗಳಲ್ಲಿ ಉಳಿದರು. ಜನ ಮಂಚ ಸರಿಸಿದರು, ಕ್ಯಾಲೆಂಡರ್ ಬೇರೆ ಮೊಳೆಗೆ ತೂಗುಹಾಕಿದರು. ಹೊಸ ಅಧ್ಯಕ್ಷ ಬೇಕಾಗಿತ್ತು. ಪಂಚಾಕ್ಷರಯ್ಯ ಮಾಸ್ತರರು ನಿಂತರು. ಅವರ ಮೇಲೆ ಒಂದು ಕಪ್ಪು ಚುಕ್ಕೆ ಇರಲಿಲ್ಲ. ಚುಕ್ಕೆ ಬೀಳುವಂಥ ಯಾವ ಕೆಲಸವನ್ನೂ ಅವರು ಮಾಡಿರಲಿಲ್ಲ. ಅವರ ಎದುರು ಫಕೀರಪ್ಪ ನಿಂತ.

ನಾನು ಮಾಬೂಸಾಬರ ಹಿಟ್ಟಿನ ಗಿರಣಿಯಲ್ಲಿ ತಕ್ಕಡಿಯ ಹತ್ತಿರ ಕೂರುತ್ತೇನೆ. ಎರಡೂ ಪೇಟೆಯವರು ಜೋಳ ತರುವುದು ಅಲ್ಲಿಗೇ. ಊರಿನ ಅಭಿಪ್ರಾಯ ಏನೆಂದು ತಿಳಿಯಲು ಬೇರೆಲ್ಲೂ ಹೋಗಬೇಕಾಗಿಲ್ಲ.

“ಸುಮ್ಮನ ರುಮಾಲು ಸುತ್ಕೊಂಡು ನಿಂದರೂ ಕೆಲಸಕ್ಕ ಯಾರಾದ್ರೇನೋ?” ಎಂದ ಲಾರಿಯ ಕ್ಲೀನರ್ ಒಬ್ಬ.

“ಹಂಗಂದ್ರ ನಿಮ್ಮ ಎಮ್ಮಿ ಕರಕೊಂಡು ಬಾ. ಅದಕ್ಕೂ ಸುತ್ತೂಣು” ಎಂದರು ಮಾಬೂಸಾಬರು.

ಮೇಲಿನ ಪೇಟೆಯ ಒಬ್ಬ ಹೆಂಗಸು ದನಿ ತಗ್ಗಿಸಿ, “ಆ ಫಕೀರಪ್ಪನ ಕೈಯಾಗ ರಕ್ತ ಐತ್ರೀ” ಎಂದಳು.

“ರಕ್ತ ಐತೋ ಇಲ್ಲೋ, ನಮ್ಮ ನಳದಾಗ ನೀರು ಐತಲ್ಲ?” ಎಂದು ನಮ್ಮ ಓಣಿಯ ಬಸಲಿಂಗವ್ವ ತಿರುಗಿಬಿದ್ದಳು. “ನೀವು ಕೊಟ್ಟಿರೇನು? ನೀವು ಕೊಡ್ತಿದ್ದಿರೇನು?”

“ಹಂಗಂತ ಮನಿಷ್ಯಾರನ್ನ ಕೊಲ್ಲೂದಾ?”

“ಕೊಂದಾನಂತ ನೀ ನೋಡಿಯೇನು? ಅಂವ ಸಂಘ ಬಿಟ್ಟಿದ್ದ ಅಂತಾನ.” ಬಸಲಿಂಗವ್ವ ಅಷ್ಟು ಹೇಳಿ ತಕ್ಕಡಿಯ ಹತ್ತಿರ ಕೂತ ನನ್ನನ್ನು ಕಂಡಳು. ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. “ಯಾರರೆ ಗೆಲ್ರೆಪಾ, ಲಗೂನ ಗೆಲ್ರಿ. ನಮ್ಮ ಅತ್ತಿ ಪಡಸಾಲ್ಯಾಗ ಕುಂತಾಳ. ಬದುಕಿದ್ದಾಗನೂ ಅಲ್ಲೇ ಕುಂತು ನನ್ನ ಕಾಯ್ತಿದ್ಲು.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ವಾರವೇ ಫಕೀರಪ್ಪ ಗಿರಣಿಗೆ ಬಂದ. ಇಸ್ತ್ರಿ ಮಾಡಿದ ಧೋತರ, ಮುಂದೆ ಹಿಂದೆ ಜನ. ಮಾಬೂಸಾಬರು ಮರ್ಯಾದೆಗೆಂದು ಮೋಟಾರು ನಿಲ್ಲಿಸಿದರು. ಅದು ನಿಂತ ಮೇಲೆ ಗಿರಣಿಯಲ್ಲಿ ಮಾತು ಎಷ್ಟು ಜೋರಾಗಿ ಕೇಳುತ್ತದೆ ಎಂದು ನನಗೆ ಮೊದಲ ಸಲ ಗೊತ್ತಾಯಿತು.

“ನಮ್ಮಪ್ಪ ಹೆಂಗ ಸತ್ತ?” ಎಂದೆ.

ಅವನು ನನ್ನನ್ನು ಗುರುತಿಸಿದ. ಮುಗಿದ ಕೈ ಇಳಿಸಲಿಲ್ಲ. “ಆ ಹೊತ್ತಿಗೆ ನಾ ಸಂಘ ಬಿಟ್ಟಿದ್ದೆ, ತಂಗಿ.”

“ನೀವು ಸಂಘ ಯಾವಾಗ ಬಿಟ್ರಿ ಅಂತ ಕೇಳಿಲ್ಲ. ನಮ್ಮಪ್ಪ ಹೆಂಗ ಸತ್ತ?”

“ಬಸವಣ್ಣೆಪ್ಪ ನನಗ ಅಣ್ಣನಂಗಿದ್ದ. ಅವರ ಮನ್ಯಾಗ ಉಂಡೀನಿ.”

“ಅದನ್ನೂ ಕೇಳಿಲ್ಲ.”

ಯಾರೋ “ಸಾಕು ಬಿಡವ್ವ, ಹಳೇದು” ಎಂದರು. ಇನ್ಯಾರೋ “ಕೇಳ್ಲಿ ಬಿಡ್ರಿ” ಎಂದರು. ಫಕೀರಪ್ಪ ತಲೆ ಬಗ್ಗಿಸಿ ಹೊರಟುಹೋದ. ಸಂಜೆಯೊಳಗೆ ಮಾತು ಎರಡೂ ಪೇಟೆ ಸುತ್ತಿ ಬಂತು. ಮೇಲಿನವರು ನನ್ನನ್ನು ಹೊಗಳಿದರು. ಅಲ್ಲಿಯ ಹೆಂಗಸರು ನಮ್ಮವ್ವ ಸಾವಂತ್ರವ್ವನ ಮುಖ ನೋಡಿಯಾದರೂ ಮಾಸ್ತರರಿಗೇ ಮತದ ನೀರು ಹಾಕುತ್ತೇವೆ ಎಂದರಂತೆ. ಕೆಳಗಿನವರಲ್ಲಿ ಅರ್ಧ ಜನ ನನ್ನ ಜೊತೆ ಮಾತು ಬಿಟ್ಟರು. ಒಬ್ಬ ಮುದುಕ ನಮ್ಮ ಮನೆಯ ಮುಂದೆಯೇ ನಿಂತು, “ಅವರಪ್ಪ ಮ್ಯಾಲಿನವರ ಕೀಲಿ ಕಾಯ್ತಿದ್ದ. ನಮ್ಮ ಹುಡುಗ್ರು ಒಣಗಿ ಸಾಯೂ ಮುಂದ ಎಷ್ಟು ಸಲ ಬಿಚ್ಚ್ಯಾನ?” ಎಂದು ಕೂಗಿ ಹೇಳಿದ. ಅದೂ ಸುಳ್ಳಲ್ಲ.

ನಾನು ಗೆದ್ದವಳ ಹಾಗೆ ಮನೆಗೆ ಬಂದೆ. ಅವ್ವ ಈರುಳ್ಳಿ ಹೆಚ್ಚುತ್ತಿದ್ದಳು.

“ಅಂವ ಸೋಲ್ತಾನ ಬೇ” ಎಂದೆ.

“ಸೋಲಬಾರದು” ಎಂದಳು ಅವ್ವ.

ನನಗೆ ಸಿಟ್ಟು ಬಂತು. ತಲೆ ಕೆಟ್ಟಿದೆಯೇನು ಎಂದೆ. ಗಂಡನನ್ನು ಕೊಂದವನಿಗೆ ರುಮಾಲು ಸುತ್ತುತ್ತೀಯಾ ಎಂದೆ. ಅವಳು ಈರುಳ್ಳಿಯಿಂದ ಕಣ್ಣೆತ್ತಲಿಲ್ಲ.

“ಮಾಸ್ತರ ಬಂದ್ರ ಏನ್ ಹೇಳ್ತಾರ? ನೀರಾಗ ಸತ್ತಿ, ಮದ್ದಿನಾಗ ಸತ್ತಿ. ಅವರಿಗೆ ಗೊತ್ತಿದ್ರಲ್ಲ ಹೇಳೂದು. ಗೊತ್ತಿದ್ದಾಂವ ಒಬ್ಬನ ಅದಾನ. ಅಂವ ಗೆದ್ರ ಈ ಹೊಸ್ತಿಲಕ್ಕ ಬರಬೇಕಾಕ್ಕೈತಿ. ಬಂದು ಬಾಯಿ ತಗೀಬೇಕಾಕ್ಕೈತಿ.” ಆಮೇಲೆ ಗೋಡೆಯ ಕಡೆ ತಿರುಗಿ, “ಹೌದಲ್ಲೋ?” ಎಂದಳು. “ಇವಳಿಗೆ ಹೇಳು. ಸಾಲಿ ಕಲ್ತಾಳ, ಇಷ್ಟು ತಿಳಿವಲ್ದು.”

ನಮ್ಮಲ್ಲಿ ಗುಟ್ಟಿನ ಮತವಿಲ್ಲ. ಚಾವಡಿಯ ಮುಂದೆ ಎರಡು ತಾಮ್ರದ ಹಂಡೆ ಇಟ್ಟಿರುತ್ತಾರೆ. ಪಕ್ಕದ ತೊಟ್ಟಿಯಿಂದ ಒಂದು ತಂಬಿಗೆ ನೀರು ತುಂಬಿ, ಬೇಕಾದವರ ಹಂಡೆಗೆ ಎಲ್ಲರೆದುರು ಸುರಿಯಬೇಕು. ಗೆದ್ದವನು ಮರುದಿನ ಆ ನೀರಿನಲ್ಲೇ ಸ್ನಾನ ಮಾಡಿ ರುಮಾಲು ಸುತ್ತುತ್ತಾನೆ. ಮಧ್ಯಾಹ್ನದವರೆಗೂ ಮಾಸ್ತರರ ಹಂಡೆಯೇ ಮುಂದಿತ್ತು. ಆಗ ಅವ್ವ ಹೋದಳು. ಮಾಸಿದ ಇಳಕಲ್ ಸೀರೆ, ಬೋಳು ಹಣೆ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಅವಳು ತಂಬಿಗೆ ತುಂಬಿ, ಒಂದು ಹನಿ ಹೊರಗೆ ಬೀಳದ ಹಾಗೆ ಫಕೀರಪ್ಪನ ಹಂಡೆಗೆ ಸುರಿದಳು.

ಅಗಸಿ ಓಣಿಯ ಒಬ್ಬ ಮುದುಕಿ ಕಣ್ಣು ಒರೆಸಿಕೊಂಡಳು. “ತಾಯಿ, ಎಂಥಾ ಕರಳು ಇದ್ದೀತು! ಹೊಟ್ಟ್ಯಾಗ ಹಾಕ್ಕೊಂಡು ಬಿಟ್ಲು.” ಅಲ್ಲಿಂದ ಮಾತು ಹಬ್ಬಿತು. ಸಾವಂತ್ರವ್ವ ಮಾಫಿ ಮಾಡಿದಳು. ಆಕೆಯೇ ಮಾಡಿದ ಮೇಲೆ ನಮ್ಮದೇನು? ಮೇಲಿನ ಪೇಟೆಯ ಹೆಂಗಸರು, ಮಾಸ್ತರರ ಹಳೆಯ ಶಿಷ್ಯರು, ಬೆಳಗಿನಿಂದ ಮನೆಯಲ್ಲೇ ಕೂತಿದ್ದವರು, ಎಲ್ಲರೂ ಬಂದು ಸುರಿದರು. ಹೊತ್ತು ಮುಳುಗುವ ಮೊದಲು ಫಕೀರಪ್ಪನ ಹಂಡೆ ತುಂಬಿ ನೆಲಕ್ಕೆ ಹರಿಯಿತು. ನಾನು ಒಬ್ಬಿಬ್ಬರ ಕೈ ಹಿಡಿದು, ಅದು ಮಾಫಿಯಲ್ಲ ಎಂದೆ. ಅವರು ನನ್ನ ತಲೆ ಸವರಿ, ನಿಮ್ಮವ್ವನ ಗುಣ ಕಲಿ ಎಂದರು. ಅವ್ವ ಯಾರಿಗೂ ಏನೂ ಹೇಳಲಿಲ್ಲ. ಮನೆಗೆ ಬಂದು ಅಕ್ಕಿ ಆರಿಸಿದಳು.

ಫಕೀರಪ್ಪನೂ ಅದನ್ನು ಮಾಫಿ ಎಂದೇ ತಿಳಿದಿದ್ದ. ರುಮಾಲು ಸುತ್ತಿದ ದಿನವೇ, ವಿರೂಪಾಕ್ಷಪ್ಪನವರನ್ನು ‘ಮುಪ್ಪಿನಿಂದ ಸತ್ತಿ’ ಎಂದು ಕಳಿಸಿ, ನೇರ ನಮ್ಮ ಮನೆಗೆ ಬಂದ. ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಅವ್ವನಿಗೆ ಒಂದು ಸೀರೆ. ಹಿಂದೆ ಅರ್ಧ ಊರು. ಅವನ ಕಣ್ಣಲ್ಲಿ ನೀರಿತ್ತು. “ವೈನಿ, ನಿಮ್ಮ ಋಣ ತೀರಿಸಲಿಕ್ಕೆ ಆಗೂದಿಲ್ಲ” ಎಂದ.

ಅವ್ವ ಸೀರೆ ಮುಟ್ಟಲಿಲ್ಲ. ಅಡುಗೆಮನೆಯ ಹೊಸ್ತಿಲು ತೋರಿಸಿದಳು. “ಹೇಳ್ರಿ ಅಧ್ಯಕ್ಷರ.”

ಅವನು ನಿಂತ. ನೆರಳನ್ನು ಅವನು ನೋಡುತ್ತಿದ್ದುದು ಅದೇ ಮೊದಲು. ವಲ್ಲಿ ಸುತ್ತಿದ್ದ ಬಗೆಯನ್ನು ಗುರುತಿಸಿದನೆಂದು ಕಾಣುತ್ತದೆ, ತನ್ನ ರುಮಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡ. “ಬಸವಣ್ಣೆಪ್ಪ, ತೂಬು ಒಡದು, ನೀರಾಗ ಕೊಚ್ಚಿ ಸತ್ತಿ. ಹೋಗಿ ಬಾ.”

ನೆರಳು ಕೂತೇ ಇತ್ತು.

“ಅದನ್ನ ಹಿಂದಿನವರೂ ಹೇಳಿದ್ರು” ಎಂದಳು ಅವ್ವ.

“ಸಂಘದ ಹುಡುಗ್ರು ಮದ್ದು ಇಟ್ರು. ಅದರಾಗ ಸತ್ತಿ. ಹೋಗಿ ಬಾ.”

ಅಂಚು ನಡುಗಿತು, ನಿಂತಿತು. ಬಾಗಿಲಲ್ಲಿ ಜನ ಒತ್ತಿಕೊಂಡು ನಿಂತಿದ್ದರು. ಯಾರ ಮಗುವೋ ಅಳುತ್ತಿತ್ತು, ಯಾರೋ ಅದರ ಬಾಯಿ ಮುಚ್ಚಿದರು. ಫಕೀರಪ್ಪ ಅವ್ವನ ಮುಖ ನೋಡಿದ. ಅವಳು ತನ್ನನ್ನು ಯಾಕೆ ಗೆಲ್ಲಿಸಿದಳು ಎಂದು ಅವನಿಗೆ ಆಗ ತಿಳಿಯಿತು. ಹಿಂದೆ ಜನ, ಮುಂದೆ ಗೋಡೆ. ಹೊಸ್ತಿಲ ಮೇಲೆಯೇ ಕುಸಿದು ಕೂತ. ರುಮಾಲು ಓರೆಯಾಯಿತು.

“ಇನ್ನೂ ಐತಿ” ಎಂದಳು ಅವ್ವ. “ಹೇಳು ಫಕೀರಾ.”

“ಕಟ್ಟಿ ಹಾಕಿದ್ವಿ, ವೈನಿ” ಎಂದ. ದನಿ ಸಣ್ಣದಾಗಿತ್ತು. “ತೂಬಿನ ಕಂಬಕ್ಕ. ಕೀಲಿ ಕಸಗೊಂಡು ಬಾಗ್ಲಾ ತಗದು ಹೋಗ್ತಾರಂತ ತಿಳಕೊಂಡಿದ್ದ. ಮದ್ದು ಐತಂತ ಅವಂಗ ಗೊತ್ತಿರಲಿಲ್ಲ. ಮಾರಿಗೆ ಬಟ್ಟಿ ಕಟಿಗೊಂಡಿದ್ವಿ. ನಾ ಗಂಟು ಹಾಕೂ ಮುಂದ ನಕ್ಕ. ‘ಫಕೀರಾ, ಬಿಗಿ ಆಗೇತೋ, ಒಂಚೂರು ಸಡ್ಲ ಮಾಡು’ ಅಂದ.”

“ಮಾಡಿದ್ಯಾ?”

“ಮಾಡಿದ್ನಿ. ಒಂದೆಳಿ ಸಡ್ಲ ಮಾಡಿದ್ನಿ. ಬತ್ತಿ ಹಚ್ಚೂಕಿಂತ ಮೊದಲ ಬಿಚ್ಚಿ ಕಳಸೂದಂತ ಮಾತಾಗಿತ್ತು.”

“ಯಾಕ ಬಿಚ್ಚಲಿಲ್ಲ?”

“ಅಂವ ನನ್ನ ಹೆಸರು ಹಿಡದು ಕರದಿದ್ನಲ್ಲ.”

ಅವ್ವ ಗೋಡೆಗೆ ಕೈ ಊರಿ ನಿಂತಳು. ಅವಳ ಕೈ ನೆರಳಿನ ಹೆಗಲ ಮೇಲಿತ್ತು. “ಇನ್ನ ಹೇಳು. ಸರಿಯಾಗಿ ಹೇಳು.”

“ಬಸವಣ್ಣೆಪ್ಪ,” ಎಂದು ಅವನು ಗೋಡೆ ನೋಡಿ ಹೇಳಿದ. “ನಾ ಕಟ್ಟಿದೆ. ನೀ ಗುರುತು ಹಿಡದಿ ಅಂತ ಬಿಚ್ಚಲಿಲ್ಲ. ಬತ್ತಿ ಹಚ್ಚಿದಾಂವ ನಾನು. ನನ್ನಿಂದ ಸತ್ತಿ. ಹೋಗಿ ಬಾ, ಅಣ್ಣಾ.”

ಸಾರಿಸಿದ ನೆಲ ಒಣಗುವ ಹಾಗೆ ಅಪ್ಪ ಅಂಚಿನಿಂದ ಒಳಕ್ಕೆ ಒಣಗುತ್ತ ಹೋದ. ಕಾಲು ಹೋಯಿತು, ವಲ್ಲಿ ಹೋಯಿತು, ಮೂಗು ಸ್ವಲ್ಪ ಹೊತ್ತು ಉಳಿಯಿತು. ಆಮೇಲೆ ಅವ್ವನ ಕೈ ಬರೀ ಸುಣ್ಣದ ಮೇಲಿತ್ತು.

ಊರು ಮರುದಿನದಿಂದಲೇ ಮೊದಲೇ ಗೊತ್ತಿತ್ತು ಎನ್ನತೊಡಗಿತು. ಗಿರಣಿಗೆ ಬಂದವರೆಲ್ಲ, ನಾನಂತೂ ಮಾಸ್ತರರಿಗೇ ಹಾಕಿದ್ದೆ ಎಂದರು. ಅಷ್ಟೂ ಜನ ಹಾಕಿದ್ದರೆ ಮಾಸ್ತರರ ಹಂಡೆ ಒಡೆಯುತ್ತಿತ್ತು. ಪೊಲೀಸರು ಫಕೀರಪ್ಪನನ್ನು ಕರೆಸಿದರು, ಇಷ್ಟು ಹಳೆಯದಕ್ಕೆ ಸಾಕ್ಷಿ ಎಲ್ಲಿ ಎಂದು ಬಿಟ್ಟರು. ಅಧ್ಯಕ್ಷಗಿರಿ ಸಾಯುವವರೆಗೆ, ತೆಗೆಯುವ ಕ್ರಮವಿಲ್ಲ. ಅವನು ಮನೆಮನೆಗೆ ಹೋಗಿ ನೆರಳುಗಳನ್ನು ಕಳಿಸಿದ. ಬಸಲಿಂಗವ್ವನ ಅತ್ತೆಯೂ ಹೋದಳು. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ. ಒಮ್ಮೆ ಹೇಳಿದರೆ ಸಾಕು, ಎರಡನೇ ಮಾತು ಬೇಕಾಗುತ್ತಿರಲಿಲ್ಲ. ಆದರೆ ಯಾವ ಮನೆಯವರೂ ಅವನಿಗೆ ಒಂದು ತಂಬಿಗೆ ನೀರು ಕೊಡಲಿಲ್ಲ. ಕೆಳಗಿನ ಪೇಟೆಯವರೂ ಕೊಡಲಿಲ್ಲ. ಬಿಸಿಲಲ್ಲಿ ಬಂದು, ಹೊಸ್ತಿಲಲ್ಲಿ ನಿಂತು, ಹೇಳಿ, ಬಿಸಿಲಲ್ಲೇ ಹೋಗುತ್ತಿದ್ದ.

ನನಗೆ ಗಂಡು ಗೊತ್ತಾಯಿತು. ಎಣ್ಣೆ ಗಾಣದವರ ಮನೆಯ ಹುಡುಗ, ಮಾತು ಕಡಿಮೆ, ನನಗೆ ಒಪ್ಪಿಗೆಯಿತ್ತು. ಅವನ ತಾಯಿ ಕೈ ತೊಳೆಯಲು ಅಡುಗೆಮನೆಗೆ ಹೋಗಿ, ನಾಲ್ಕೂ ಗೋಡೆ ನೋಡಿ, ನಗುತ್ತ ಹೊರಗೆ ಬಂದಳು.

ಅವ್ವ ಮಾತ್ರ ಅಡುಗೆಮನೆಯಲ್ಲಿ ದಾರಿ ತಪ್ಪಿದಳು. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ರೊಟ್ಟಿ ತಟ್ಟುತ್ತ ಗೋಡೆಯ ಕಡೆ ತಿರುಗುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು, ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಡಬ್ಬಿಗಳು ಎಲ್ಲಿವೆ ಎಂದು ನನ್ನನ್ನು ಕೇಳುತ್ತಿದ್ದಳು. ಅಪ್ಪನ ಮೊಣಕಾಲಿನ ಪಕ್ಕ ಉಪ್ಪು, ತಲೆಯ ಮೇಲೆ ಸಾಸಿವೆ ಎಂದು ಅವಳ ಲೆಕ್ಕವಿತ್ತು. ನಾನು ಎದುರು ಕೂತು, “ನನ್ನ ಕೂಡ ಮಾತಾಡು ಬೇ” ಎಂದರೆ, “ನಿನ್ನ ಕೂಡ ಏನ್ ಮಾತಾಡ್ಲಿ, ನೀ ಮಗಳು” ಎನ್ನುತ್ತಿದ್ದಳು. ಒಂದು ದಿನ, “ಹೇಳಿಸಬಾರದಿತ್ತು ಅಂತೀಯಾ?” ಎಂದು ಕೇಳಿದೆ. “ಹೇಳಿಸಬೇಕಿತ್ತು. ಅಂವ ಹೋಗ್ತಾನ ಅನ್ನೂದು ತಲ್ಯಾಗ ಇರಲಿಲ್ಲ” ಎಂದಳು. ಉಣ್ಣುವುದು ಕಡಿಮೆ ಮಾಡಿದಳು, ಆಮೇಲೆ ಬಿಟ್ಟಳು. ಯುಗಾದಿಗೆ ಸುಣ್ಣ ತಂದಿದ್ದೆ. ಮೂರು ಗೋಡೆಗೆ ಹಚ್ಚಿ, ನಾಲ್ಕನೆಯದರ ಮುಂದೆ ಕುಂಚ ಹಿಡಿದುಕೊಂಡು ಕೂತವಳು ಏಳಲಿಲ್ಲ. ಎದೆ ನಿಂತಿದೆ ಎಂದರು ಡಾಕ್ಟರು.

ಮಣ್ಣಾದ ಮರುದಿನ ಫಕೀರಪ್ಪ ಬಂದ. ಸೊರಗಿದ್ದ. ಅವ್ವನ ನೆರಳು ಆ ನಾಲ್ಕನೆಯ ಗೋಡೆಯ ಮೇಲೆ, ಅಪ್ಪ ಇದ್ದಲ್ಲೇ, ಸೆರಗು ಹೊದ್ದು ಕೂತಿತ್ತು.

“ಸಾವಂತ್ರವ್ವ, ಎದಿ ನಿಂತು ಸತ್ತಿ. ಹೋಗಿ ಬಾ” ಎಂದ.

ಅವಳು ಹೋಗಲಿಲ್ಲ.

ಅವನು ತಲೆ ಬಗ್ಗಿಸಿದ. ಆಮೇಲೆ ಯಾರೂ ಕೇಳದಿದ್ದರೂ, “ನನ್ನಿಂದ ಸತ್ತಿ, ವೈನಿ. ಹೋಗಿ ಬಾ” ಎಂದ. ನೆರಳಿನ ಅಂಚೂ ಅಲುಗಲಿಲ್ಲ. ಆ ಸಾವಿನ ಹೊಣೆಯನ್ನಾದರೂ ತನ್ನ ಪಾಲಿಗೆ ಕೊಡುತ್ತಾಳೆ ಎಂದು ಅವನು ನಂಬಿದ್ದ, ಮುಖದಲ್ಲಿ ಕಾಣುತ್ತಿತ್ತು. ನನ್ನ ಕಡೆ ತಿರುಗಿದ. “ನಿನಗ ಗೊತ್ತೈತೇನು ತಂಗಿ?”

ನನಗೆ ಗೊತ್ತಿತ್ತು. ಗೋಡೆ ಖಾಲಿಯಾಗಿ ಸತ್ತಳು. ಅಷ್ಟೇ ಮಾತು. ಹೇಳಿದ್ದರೆ ಅವನು ಹೇಳುತ್ತಿದ್ದ, ಅವಳು ಅಂಚಿನಿಂದ ಒಳಕ್ಕೆ ಒಣಗುತ್ತಿದ್ದಳು.

“ಗೊತ್ತಿಲ್ಲ” ಎಂದೆ.

ಅವನು ನಂಬಿದನೋ ಇಲ್ಲವೋ. ಹೊಸ್ತಿಲು ದಾಟುವಾಗ ನಿಲ್ಲಿಸಿ ಒಂದು ತಂಬಿಗೆ ನೀರು ಕೊಟ್ಟೆ. ಮರುಕದಿಂದ ಕೊಟ್ಟದ್ದಲ್ಲ, ಸುಳ್ಳು ಹೇಳಿದ್ದೆ, ಕೈ ಸುಮ್ಮನಿರಲಿಲ್ಲ. ಅವನು ನಿಂತಲ್ಲೇ ಪೂರಾ ಕುಡಿದು, ತಂಬಿಗೆ ಮಗುಚಿಟ್ಟು ಹೋದ.

ಗಾಣದವರ ಮನೆಯಿಂದ ನೆರಳು ಹೋಯಿತೇನು ಎಂದು ಕೇಳಿಕಳಿಸಿದ್ದಾರೆ. ಬಂದವಳು ಪಡಸಾಲೆಯಲ್ಲಿ ಕಾಯುತ್ತ ಕೂತಿದ್ದಾಳೆ. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಬಂದೆ. ಒಲೆ ಹಚ್ಚಿ, ಡಬ್ಬಿಯ ಮುಚ್ಚಳ ತೆಗೆದು ನೋಡಿದೆ.

“ಸಕ್ಕರಿ ಮುಗದೈತಿ,” ಎಂದೆ ಗೋಡೆಗೆ. “ನೀ ಸುಮ್ಮನ ಕುಂತಿ.”